ದ್ರಾಕ್ಷಿ ತೋಟಕ್ಕೆ ಕುಡಿಯದವರು ಬೇಕಾಗಿದ್ದಾರೆ

ಮೊನ್ನೆಯಿಂದ ನಮ್ಮ ಮನೆಯ ಟೀಪಾಯಿಯ ಮೇಲೆ, ದಿನಪತ್ರಿಕೆಗೂ ನನ್ನ ಕನ್ನಡಕದ ಡಬ್ಬಿಗೂ ನಡುವೆ, ಒಂದು ಕತ್ತರಿ ಬಿದ್ದುಕೊಂಡಿದೆ. ಬಟ್ಟೆಯದಲ್ಲ, ಕಾಗದದ್ದಲ್ಲ. ಗಿಳಿಯ ಕೊಕ್ಕಿನಂತೆ ಬಾಗಿದ ಮೂತಿ, ಕೆಂಪು ಹಿಡಿ, ನಡುವೆ ಒಂದು ಸ್ಪ್ರಿಂಗು. ದ್ರಾಕ್ಷಿ ಬಳ್ಳಿ ಸವರುವ ಕತ್ತರಿ. ಕಮಲಾಪುರದಿಂದ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕಲಬುರಗಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದ್ದಾರೆ. ಜೊತೆಗೆ ಒಂದು ಮಾತನ್ನೂ ಹೇಳಿ ಕಳಿಸಿಲ್ಲ.

"ಇದನ್ನ ಯಾಕ ಕಳಿಸ್ಯಾರ?" ಎಂದು ಹೆಂಡತಿ ಸುವರ್ಣಳನ್ನು ಕೇಳಿದೆ.

"ನಿಮ್ಮ ಮೀಸಿ ಭಾಳ ಬೆಳದಾವಲ್ಲ, ಅದಕ್ಕಿರಬೇಕು," ಎಂದಳು, ಟಿವಿಯಿಂದ ಕಣ್ಣು ತೆಗೆಯದೆ.

ನನ್ನಂಥವನಿಗೆ ಇಷ್ಟು ಸಾಕು. ಮಾತಿಲ್ಲದೆ ಬಂದ ಕತ್ತರಿಗೆ ಅರ್ಥ ಹುಡುಕುತ್ತ ಕೂತೆ. ಸಂಬಂಧ ಕತ್ತರಿಸುವ ಸೂಚನೆಯೇ? ನಾಲಿಗೆಗೆ ಕತ್ತರಿ ಹಾಕಿಕೋ ಎಂಬ ಎಚ್ಚರಿಕೆಯೇ? ಹೋದ ವರ್ಷ ಅತ್ತೆಯ ದ್ರಾಕ್ಷಿ ತೋಟದಲ್ಲಿ ನನಗಾದ ಗತಿಯ ನೆನಪಿಗೆ ಕೊಟ್ಟ ಬಹುಮಾನವೇ? ಸುವರ್ಣ ಹೇಳುವಂತೆ ನಾನು ಚಿಂತೆಯನ್ನು ಹುಡುಕಿಕೊಂಡು ಹೋಗುವವನಲ್ಲ; ಚಿಂತೆ ಬಂದು ಕೂಡಲೆಂದು ಬಾಗಿಲ ಬಳಿ ಕುರ್ಚಿ ಹಾಕಿ ಇಟ್ಟಿರುವವನು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕತ್ತರಿಸುವ ಕೆಲಸ ನಮ್ಮ ವಂಶಕ್ಕೆ ಬಂದದ್ದಲ್ಲ. ನಮ್ಮ ಅಜ್ಜಿ ಕಿರಾಣಿ ಪೊಟ್ಟಣದ ದಾರವನ್ನು ಕತ್ತರಿಸಲು ಬಿಡುತ್ತಿರಲಿಲ್ಲ. ಉಗುರಿನಿಂದ ಗಂಟು ಬಿಚ್ಚಿ, ದಾರವನ್ನು ಉಂಡೆ ಸುತ್ತಿ ಇಡುತ್ತಿದ್ದಳು. ಅವಳು ತೀರಿಕೊಂಡಾಗ ಆ ಉಂಡೆ ತೆಂಗಿನಕಾಯಿಗಿಂತ ದೊಡ್ಡದಿತ್ತು, ಅದನ್ನು ಎಸೆಯಲು ಯಾರಿಗೂ ಧೈರ್ಯ ಬರಲಿಲ್ಲ. ಅಪ್ಪ ನನ್ನನ್ನು ಕ್ಷೌರಕ್ಕೆ ಕರೆದುಕೊಂಡು ಹೋದರೆ, ತಗಡಿನ ಕುರ್ಚಿಯ ಮೇಲಿಟ್ಟ ಹಲಗೆಯಲ್ಲಿ ನನ್ನನ್ನು ಕೂಡಿಸಿ, ಕ್ಷೌರಿಕನ ಕಿವಿಯಲ್ಲಿ "ಸ್ವಲ್ಪ, ಭಾಳ ಬ್ಯಾಡ" ಎಂದು ಜಪ ಮಾಡುತ್ತಿದ್ದರು. ಆ ಮನುಷ್ಯ ಬೇಸತ್ತು, ಗಾಳಿಯಲ್ಲಿ ಕತ್ತರಿ ಆಡಿಸಿ ಸದ್ದು ಮಾಡಿ, ಹೆಗಲ ಮೇಲೆ ಪೌಡರು ಬಡಿದು ಕಳಿಸುತ್ತಿದ್ದ. ಹೋದಾಗಿನಷ್ಟೇ ಕೂದಲು ಹೊತ್ತು ಮರಳುತ್ತಿದ್ದೆ, ಸುವಾಸನೆ ಮಾತ್ರ ಹೆಚ್ಚಾಗಿರುತ್ತಿತ್ತು.

ನನ್ನದೂ ಅದೇ ಕೈ. ಅಣ್ಣನ ಮಗಳ ಲಗ್ನಪತ್ರಿಕೆಯಲ್ಲಿ "ಸುಖಾಗಮನ ಬಯಸುವವರು" ಎಂಬ ತಲೆಬರಹದ ಕೆಳಗೆ ಹೆಸರುಗಳು ಹೆಚ್ಚಾಗಿವೆ, ನಾಲ್ಕು ತೆಗೆದುಹಾಕು ಎಂದು ನನಗೆ ವಹಿಸಿದ್ದರು. ನಾನು ಒಬ್ಬೊಬ್ಬರ ಮುಖ ನೆನೆದೆ. ಯಾರನ್ನು ತೆಗೆದರೂ ಆ ಮುಖ ಊಟದ ಪಂಗತಿಯಲ್ಲಿ ನನ್ನ ಎದುರಿಗೇ ಕೂತಂತಾಗುತ್ತಿತ್ತು. ಕೊನೆಗೆ ಒಬ್ಬರನ್ನೂ ತೆಗೆಯದೆ, ಬಿಟ್ಟುಹೋಗಿದ್ದ ಆರು ಜನರನ್ನು ಸೇರಿಸಿ ಪ್ರೆಸ್ಸಿಗೆ ಕೊಟ್ಟೆ. ಅಚ್ಚಾಗಿ ಬಂದ ಪತ್ರಿಕೆ ಭರ್ಜರಿಯಾಗಿತ್ತು. ಅದರಲ್ಲಿ ವರನ ಹೆಸರನ್ನು ಹುಡುಕಲು ಬೀಗರು ಭೂತಗನ್ನಡಿ ತರಿಸಿದರು ಎಂದು ಇಂದಿಗೂ ಹೇಳುತ್ತಾರೆ. ಸುಳ್ಳು. ಅವರು ತರಿಸಿದ್ದು ಕನ್ನಡಕ.

ಇಂಥ ನನಗೂ ಈ ಊರಿನಲ್ಲಿ ಒಂದು ಕೀರ್ತಿಯಿದೆ: ನಾನು ಕುಡಿಯುವುದಿಲ್ಲ. ಐವಾನ್-ಎ-ಶಾಹಿಯ ನಮ್ಮ ಓಣಿಯಲ್ಲಿ ಇದನ್ನು ಎಲ್ಲರೂ ಬಲ್ಲರು. ಆಫೀಸಿನಲ್ಲಿ ನಿವೃತ್ತಿಯ ಪಾರ್ಟಿಗಳಾದರೆ ಎಲ್ಲರ ಗಾಡಿಗಳ ಬೀಗದ ಕೈಗಳು ನನ್ನ ಕಿಸೆಯಲ್ಲಿರುತ್ತವೆ. ಜನ ಇದನ್ನು ಸಂಸ್ಕಾರ ಅನ್ನುತ್ತಾರೆ. ನಿಜವಾಗಿ ಅದು ಹೆದರಿಕೆ. ಲಿವರಿಗೆ ಏನಾದೀತು, ಕುಡಿದ ಮೇಲೆ ಸಾಹೇಬರ ಎದುರು ನನ್ನ ಬಾಯಿಂದ ಏನು ಬಂದೀತು, ಓಣಿಯ ನಾಯಿ ಗುರುತು ಹಿಡಿಯದೆ ಬೊಗಳಿದರೆ ಹೇಗೆ ಎಂದೆಲ್ಲ ಯೋಚಿಸುವಷ್ಟರಲ್ಲಿ ಬಾಟಲಿ ನನ್ನನ್ನು ದಾಟಿ ಮುಂದಿನವರಿಗೆ ಹೋಗಿರುತ್ತಿತ್ತು.

ಹೆದರುವವನಿಗೆ ಔಷಧಿಗಳೇ ಬಂಧುಗಳು. ಎದೆಯುರಿಗೆ ಒಂದು, ಎದೆಯುರಿ ಬಂದೀತೆಂಬ ಭಯಕ್ಕೆ ಒಂದು. ಊಟವಾದ ಮೇಲೆ ಎರಡು ಮುಚ್ಚಳ ದ್ರಾಕ್ಷಾರಿಷ್ಟ. ಇದು ಅಜ್ಜಿ ಹಾಕಿಕೊಟ್ಟ ರೂಢಿ. ಚಿಕ್ಕಂದಿನಲ್ಲಿ ಕಡ್ಡಿಯಂತಿದ್ದೆ, ಹಸಿವೆಯಿರಲಿಲ್ಲ. ಅಜ್ಜಿ ಕಂದು ಬಾಟಲಿಯಿಂದ ಗೀರು ಗೀರಿನ ಮುಚ್ಚಳಕ್ಕೆ ಬಗ್ಗಿಸಿ, ಅಷ್ಟೇ ನೀರು ಬೆರೆಸಿ ಕೊಡುತ್ತಿದ್ದಳು. ಸಿಹಿ, ಒಗರು, ಆಮೇಲೆ ಗಂಟಲಿನಿಂದ ಹೊಟ್ಟೆಯವರೆಗೆ ಬೆಚ್ಚಗಿನ ಒಂದು ದಾರಿ. ಅದಾದ ಮೇಲೆ ಮಗ್ಗಿಯನ್ನು ನಾನು ಹೆದರಿಕೆಯಿಲ್ಲದೆ ಒಪ್ಪಿಸುತ್ತಿದ್ದೆನಂತೆ. ಒಮ್ಮೊಮ್ಮೆ ಹಾಡುತ್ತಲೂ ಇದ್ದೆನಂತೆ. "ಔಷಧ ಹತ್ತೇದ ಹುಡುಗಗ," ಎಂದು ಅಜ್ಜಿ ಸಂತೋಷಪಡುತ್ತಿದ್ದಳು. ಅಂದಿನಿಂದ ಅದನ್ನು ಬಿಟ್ಟಿರಲಿಲ್ಲ. ಊರಿಗೆ ಹೋದರೆ ಚೀಲದಲ್ಲಿ ಮೊದಲು ಇಡುವುದು ಅದೇ ಬಾಟಲಿ. ಪರಊರಿನ ನೀರೆಂದು ಮಧ್ಯಾಹ್ನವೂ ಎರಡು ಮುಚ್ಚಳ.

ಈಗ ಕಮಲಾಪುರಕ್ಕೆ ಬರೋಣ. ಬಸ್ಸು ಮಹಾಗಾಂವ ಕ್ರಾಸ್ ದಾಟಿ ಮುಂದೆ ಹೋದಂತೆ ರಸ್ತೆಯ ಬದಿಗೆ ಕೆಂಪು ಬಾಳೆಗೊನೆಗಳನ್ನು ತೂಗುಹಾಕಿದ ಅಂಗಡಿಗಳು ಕಾಣಲು ಶುರುವಾಗುತ್ತವೆ. ನನ್ನ ಅತ್ತೆ ಭಾಗಮ್ಮನವರ ತೋಟದ್ದೂ ಅದೇ ಬಾಳೆ. ಮಾವನವರು ಹೋದ ಮೇಲೆ ತೋಟ, ಮನೆ, ಮಾತು ಮೂರೂ ಅತ್ತೆಯವು. ಮಗ ಶರಣು, ನನ್ನ ಹೆಂಡತಿಯ ತಮ್ಮ, ಅವರ ಕೈಕೆಳಗೆ ದುಡಿಯುವವನು. ಒಂದು ಯುಗಾದಿಗೆ ನಾವೆಲ್ಲ ಅಲ್ಲಿದ್ದಾಗ ಅವನು ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ಮಾತು ತೆಗೆದ.

"ಅವ್ವಾ, ಈ ಸಲ ಒಂದ್ ಎಕರೆ ಬಾಳಿ ತಗದು ದ್ರಾಕ್ಷಿ ಹಾಕ್ಬೇಕಂತ ಮಾಡೀನಿ."

"ಹಾಕು. ಮೊಮ್ಮಕ್ಕಳು ತಿಂತಾವ."

"ತಿನ್ನೂದಲ್ಲ, ರಸದ್ದು. ಕಂಪನಿಯವರು ಬಂದು ಒಯ್ತಾರ."

"ಎಂಥಾ ರಸ?"

ಶರಣು ನನ್ನ ಮುಖ ನೋಡಿದ. ಅವನಿಗೆ ಬೆಂಬಲ ಕೊಡುವೆನೆಂದು ಹಿಂದಿನ ದಿನ ಮಾತು ಕೊಟ್ಟಿದ್ದೆ.

"ಸ್ವಲ್ಪ ದಿವಸ ಇಟ್ಟ ರಸ, ಅತ್ತಿ," ಎಂದೆ.

ಅದು ಮದ್ಯವೆಂದು ಅತ್ತೆಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಸೆರಿ ಅನ್ರಿ ಅಳ್ಯಾರ, ಬಾಯಿ ಬಿಟ್ಟು. ನಾ ಮುಂಜಾನಿ ಪೂಜಿ ಮಾಡೋ ಕೈಲೆ ಸೆರಿ ಬೆಳೀಬೇಕೇನು?"

ಎರಡು ತಿಂಗಳು ತಾಯಿ-ಮಗನ ನಡುವೆ ಮಾತಿರಲಿಲ್ಲ. ಬಂಧುಬಳಗದಲ್ಲಿ ಕೇಳಿದವರೆಲ್ಲ ಕಿವಿ ಮುಚ್ಚಿಕೊಂಡರು. ಅವರಲ್ಲಿ ಕೆಲವರು ನನ್ನನ್ನು ಪಕ್ಕಕ್ಕೆ ಕರೆದು, ತಯಾರಾದ ಮೇಲೆ ಬೆಳೆದವರ ಮನೆಗೆ ಕಂಪನಿಯವರು ಏನಾದರೂ ಕಳಿಸುವ ಪದ್ಧತಿ ಇದೆಯೇ ಎಂದು ವಿಚಾರಿಸಿದರು. ಕೊನೆಗೆ ಅತ್ತೆ ಒಪ್ಪಿದರು, ಒಂದು ಕರಾರಿನ ಮೇಲೆ. ಮೊದಲ ಬೆಳೆಯಲ್ಲಿ ಒಂದು ಬುಟ್ಟಿ ಹಣ್ಣಾದರೂ ಬೇಡವೆಂದು ಕಂಪನಿ ತಿರುಗಿಸಿದರೆ ದ್ರಾಕ್ಷಿ ಕಿತ್ತು ಬಾಳೆ ಹಚ್ಚಬೇಕು, ಮತ್ತು ಶರಣು ಕಲಬುರಗಿಗೆ ಹೋಗಿ ಅವನ ಮಾವನ ಅಂಗಡಿಯಲ್ಲಿ ಕೂಡಬೇಕು.

ಈ ಕರಾರಿನ ತೂಕ ನಿಮಗೆ ಗೊತ್ತಾಗಬೇಕಾದರೆ ಆ ಅಂಗಡಿಯ ಬಗ್ಗೆ ಹೇಳಬೇಕು. ಶರಣುವಿನ ಮಾವನಿಗೆ ಗಂಡುಮಕ್ಕಳಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಸೀರೆ ಅಂಗಡಿ. ಅಳಿಯ ಬಂದು ಗಾದಿಯ ಮೇಲೆ ಕೂಡಲೆಂದು ಅವರು ಮದುವೆಯ ದಿನದಿಂದ ಕಾಯುತ್ತಿದ್ದಾರೆ. ಒಂದು ದೀಪಾವಳಿಗೆ ಶರಣು ಕೈನೆರವಿಗೆಂದು ಹೋಗಿ ಕೂತಿದ್ದ. ಒಬ್ಬ ಹೆಣ್ಣುಮಗಳು ಹಸಿರು ಸೀರೆಯನ್ನು ಮೈಮೇಲೆ ಹಿಡಿದು "ಹ್ಯಾಂಗ ಕಾಣ್ತದಣ್ಣಾ?" ಎಂದರೆ ಇವನು ನಿಜ ಹೇಳಿಬಿಟ್ಟ. ಮಣ್ಣಿನಲ್ಲಿ ಕೈಯಿಟ್ಟು ಬೆಳೆದವನಿಗೆ ಬೆಳಗಿನಿಂದ ಸಂಜೆಯವರೆಗೆ ಸೀರೆ ಬಿಚ್ಚಿ ಮಡಚುವ ಕೆಲಸ. ವಾರಕ್ಕೆ ಮುಂಚೆಯೇ ಕಮಲಾಪುರಕ್ಕೆ ಓಡಿಬಂದು ಬಾಳೆಯ ಬುಡದಲ್ಲಿ ಅಂಗಾತ ಮಲಗಿದ್ದನಂತೆ. ಸೋತರೆ ಅವನಿಗೆ ಮತ್ತೆ ಅದೇ ಗಾದಿ, ಈ ಸಲ ಕಾಯಂ.

ದ್ರಾಕ್ಷಿ ಬಳ್ಳಿ ನೆಟ್ಟದ್ದಾಯಿತು, ತಂತಿಗೆ ಹಬ್ಬಿದ್ದಾಯಿತು. ಅತ್ತೆಗೆ ನಿಧಾನವಾಗಿ ಅದರ ಮೇಲೆ ಮನಸ್ಸು ಕೂಡುತ್ತಿತ್ತು. ಅಷ್ಟರಲ್ಲಿ ಏಪ್ರಿಲ್ ಬಂತು, ಕಂಪನಿಯ ಮೇಡಂ ಬಂದರು. ವಿಜಯಪುರದ ಕಡೆಯ ಹೆಣ್ಣುಮಗಳು; ತಲೆಗೆ ಟೊಪ್ಪಿಗೆ, ಕಾಲಿಗೆ ಬೂಟು, ಮಾತು ನೇರ. ಬಳ್ಳಿ ಸವರುವುದಕ್ಕೆ ಚಾಟಣಿ ಎನ್ನುತ್ತಾರೆ. ಆಕೆ ನಿಂತು ಚಾಟಣಿ ಮಾಡಿಸಿದ ಸಂಜೆ ಅತ್ತೆ ನನಗೆ ಫೋನ್ ಮಾಡಿದರು. "ಅಳ್ಯಾರ, ಹಸಿರನ್ನೋದು ಒಂದು ಎಲಿ ಬಿಟ್ಟಿಲ್ಲ. ಜಾವಳ ತಗದಂಗ ಮಾಡಿ ಹೋಗ್ಯಾಳ. ಇಂಥಾ ಬಿಸಲಾಗ ಆ ಕೂಸುಗಳ ಗತಿ ಏನ್ರಿ?"

ನನಗೂ ಚಿಂತೆಯಾಗಿ ಮುಂದಿನ ಭಾನುವಾರ ಹೋದೆ. ಮೇಡಂ ಅಲ್ಲೇ ಇದ್ದರು. ಹೀಗೆ ಬೋಳಿಸಿದರೆ ಬಳ್ಳಿ ಬದುಕೀತೇ ಎಂದು ಕೇಳಿದೆ.

"ಸರ್, ದ್ರಾಕ್ಷಿಗೆ ವರ್ಷಕ್ಕ ಎರಡ್ ಚಾಟಣಿ. ಈಗಿಂದು ಕಡ್ಡಿಗೆ, ದಸರಾ ಮುಂದಿಂದು ಹಣ್ಣಿಗೆ. ಈಗ ಗಿಡ್ಡ ಕಡದ್ರ ಹೊಸಾ ಕಡ್ಡಿ ಬರ್ತಾವ. ಆ ಕಡ್ಡಿ ಮ್ಯಾಲ ಚಿಗುರೊಡಿಯೋ ಕಣ್ಣಿನೊಳಗ ಇದೇ ಬಿಸಲಾಗ ಗೊಂಚಲು ಬಸಿರಾಗ್ತದ. ಮುಂದ ಅಂಥಾ ಕಣ್ಣು ನೋಡಿ ಅಷ್ಟೇ ಉಳಿಸಿ ಕಡಿಯೂದು."

"ಕಡೀಲಿಲ್ಲ ಅಂದ್ರ?"

"ಎಲಿ ಬರ್ತಾವ. ಚಂದ ನೆರಳಾಗ್ತದ. ಕೆಳಗ ಕುರ್ಚಿ ಹಾಕ್ಕೊಂಡು ಕೂಡ್ರಿ."

ನನ್ನ ಆಫೀಸು ನೆನಪಾಯಿತು. ಒಂದು ಕಾಗದವನ್ನೂ ಕಡಿಯದೆ ಬೆಳೆಸಿದ ಫೈಲುಗಳು ಅಲ್ಲಿ ಚಂದ ನೆರಳು ಕೊಡುತ್ತವೆ, ಕೆಳಗೆ ನಾವು ಕುರ್ಚಿ ಹಾಕಿಕೊಂಡು ಕೂತಿದ್ದೇವೆ. ಆದರೆ ಆಕೆ ಮುಂದೆ ಹೇಳಿದ್ದು ಕೇಳಿ ಅತ್ತೆಯೂ ನಾನೂ ಒಟ್ಟಿಗೆ ಬೆಚ್ಚಿದೆವು. ಹಣ್ಣು ಕಟ್ಟಿದ ಮೇಲೂ ಕಡಿಯಬೇಕಂತೆ. ಒಂದು ಕುಡಿಗೆ ಒಂದೇ ಗೊಂಚಲು ಉಳಿಸಿ, ಮಿಕ್ಕವನ್ನು ಹಸಿಯಿದ್ದಾಗಲೇ ನೆಲಕ್ಕೆ ಬೀಳಿಸಬೇಕಂತೆ.

"ಬಂದ ಬೆಳಿ ನಾವ ಕಡದ್ ಒಗೀಬೇಕು?" ಎಂದರು ಅತ್ತೆ.

"ಹೌದ್ರಿ ಅವ್ವಾರ. ಭಾಳ ಹೊತ್ತ ಬಳ್ಳಿ ಎಲ್ಲಾ ಗೊಂಚಲಿಗೂ ಸಕ್ಕರಿ ಎಲ್ಲಿಂದ ಕೊಡ್ತದ? ನೀರು ತುಂಬಿ ಕಳಿಸ್ತದ. ತಿನ್ನೋ ದ್ರಾಕ್ಷಿ ದಪ್ಪ ಇದ್ರ ಚಂದ. ನಮ್ಮದಕ್ಕ ಕಾಳು ಸಣ್ಣದಿರಬೇಕು, ಸಿಪ್ಪಿ ದಪ್ಪ ಇರಬೇಕು, ರಸ ಗಟ್ಟಿ ಇರಬೇಕು. ಭಾಳ ಬೆಳದ್ರ ನಮಗ ಬ್ಯಾಡ."

ಕಡಿಮೆ ಬೆಳೆಯಿರಿ ಎನ್ನುವ ಕಂಪನಿಯನ್ನು ಅತ್ತೆ ಅಂದಿನಿಂದ ನಂಬಲಿಲ್ಲ. ಕುಡಿಯುವವರ ಕಂಪನಿ, ಮಾತು ಹೀಗೇ ಇರುತ್ತದೆ ಎಂದು ತೀರ್ಮಾನಿಸಿಬಿಟ್ಟರು.

ಅಕ್ಟೋಬರ್ ಚಾಟಣಿ ಬಂತು. ಬಳ್ಳಿ ಸವರಿದ ಕೂಡಲೇ, ಉಳಿಸಿದ ಕಣ್ಣುಗಳೆಲ್ಲ ಒಟ್ಟಿಗೆ ಚಿಗುರಲೆಂದು ಒಂದು ರಾಸಾಯನಿಕವನ್ನು ಬಟ್ಟೆಯಿಂದ ಒಂದೊಂದೇ ಕಣ್ಣಿಗೆ ಹಚ್ಚುತ್ತಾರೆ. ಇದಕ್ಕೆ ಪೇಸ್ಟ್ ಮಾಡುವುದು ಎನ್ನುತ್ತಾರೆ. ಕೈಗವಸು, ಮುಖಕ್ಕೆ ಮುಚ್ಚಳ, ಎಲ್ಲ ಬೇಕು. ಅವೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಆ ಔಷಧಿಗೂ ಮದ್ಯಕ್ಕೂ ಹಗೆ. ಪೇಸ್ಟ್ ಮಾಡುವವನು ಹಿಂದಿನ ಕೆಲವು ದಿನ, ಮುಂದಿನ ಕೆಲವು ದಿನ ಒಂದು ಹನಿಯನ್ನೂ ಮುಟ್ಟಕೂಡದು. ಮುಟ್ಟಿದರೆ ಮೈ ಕೆಂಪೇರಿ, ಎದೆ ಹೊಡೆದುಕೊಂಡು, ಜೀವಕ್ಕೇ ಸಂಚಕಾರ. ಮೇಡಂ ಇದನ್ನು ಮೂರು ಮೂರು ಸಲ ಹೇಳಿದರು.

ನಾಡಿನವರು ಕುಡಿಯಲೆಂದು ಬೆಳೆಯುವ ಹಣ್ಣಿಗೆ ಕುಡಿಯದವನ ಕೈಯೇ ಬೇಕು! ಶರಣು ಕೂಲಿಗೆ ಜನ ಹುಡುಕಿದ. ಹೆಣ್ಣಾಳುಗಳೆಲ್ಲ ಬಿಳಿಜೋಳದ ಬಿತ್ತನೆಗೆಂದು ಮಹಾಗಾಂವದ ಕಡೆ ಹೋಗಿದ್ದರು. ಗಂಡಾಳುಗಳು ಸಾಲಾಗಿ ಬಂದು ತಾವು ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಔಷಧಿಯ ಗುಣ ವಿವರಿಸಿ ಹೇಳಿದ ಮೇಲೆ ಸಾಲು ಹಾಗೇ ಕರಗಿತು. ಒಬ್ಬ ಮಾತ್ರ ಪ್ರಾಮಾಣಿಕ. "ಹೋಳಿ ಹುಣ್ಣಿಮಿಗೆ ಬಿಡ್ತೇನ್ರಿ ಸಾವಕಾರ, ಅಲ್ಲೀತನ ಬಳ್ಳಿಗೆ ತಡೀ ಅನ್ರಿ," ಎಂದನಂತೆ. ಶರಣುವೇ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಫೋನಿನಲ್ಲಿ ಅದನ್ನೇ ಕೇಳಿದೆ.

"ಮಾಮಾ, ಮೊನ್ನಿ ದೋಸ್ತನ ಲಗ್ನ ಇತ್ತು. ಅವ್ವಗ ಹೇಳಬ್ಯಾಡ್ರಿ."

ಸಿಕ್ಕವನು ಒಬ್ಬನೇ, ಟೆಂಪೊ ಓಡಿಸುವ ಬಾಬುಮಿಯಾ. ಇನ್ನೊಬ್ಬ ಬೇಕು ಎಂದಾಗ ಅತ್ತೆಯೇ ನನ್ನ ಹೆಸರು ಸೂಚಿಸಿದರಂತೆ. "ನಮ್ಮ ಅಳಿಯಗಿಂತ ಚೊಕ್ಕ ಮನಶ್ಯಾ ಯಾಂವ ಅದಾನ?" ಬದುಕಿನಲ್ಲಿ ಮೊದಲ ಸಲ ನನ್ನ ಒಂದು ಅರ್ಹತೆಗೆ ಬೇಡಿಕೆ ಬಂದಿತ್ತು. ಮಧ್ಯವಯಸ್ಸು ದಾಟುವ ಹೊತ್ತಿಗೆ ಇಂಥ ಕರೆ ಬಂದರೆ ಯಾರು ಬಿಡುತ್ತಾರೆ? ಎರಡು ದಿನ ರಜೆ ಹಾಕಿದೆ.

ತೋಟದಲ್ಲಿ ಮೇಡಂ ನನ್ನನ್ನೂ ಕೇಳಿದರು. "ಸರ್, ಕೇಳ್ತೇನಂತ ಸಿಟ್ಟಾಗಬ್ಯಾಡ್ರಿ. ಈ ವಾರದಾಗ ಏನರೆ ತಗೊಂಡೀರೇನು?"

"ಮೇಡಂ," ಎಂದೆ, ಎದೆ ಉಬ್ಬಿಸಿ, "ನಮ್ಮ ವಂಶದಾಗೇ ಇಲ್ಲ."

ಬೆಳಗ್ಗೆಯೆಲ್ಲ ನಾನು ಬಾಬುಮಿಯಾ ಎದುರುಬದುರು ಸಾಲುಗಳಲ್ಲಿ ಪೇಸ್ಟ್ ಮಾಡಿದೆವು. ಒಂದು ಕಣ್ಣೂ ತಪ್ಪದಂತೆ ಸವರಿದೆ. ಸವರಿದೆನೋ ಇಲ್ಲವೋ ಎಂದು ಚಿಂತೆಯಾಗಿ ಹಿಂದಕ್ಕೆ ಹೋಗಿ ನೋಡುತ್ತಿದ್ದೆ. ಮಧ್ಯಾಹ್ನ ಸೋಪಿನಲ್ಲಿ ಕೈತೊಳೆದು, ಅತ್ತೆ ಬಡಿಸಿದ ರೊಟ್ಟಿ, ಪುಂಡಿಪಲ್ಯ ಉಂಡೆ. ಪರಊರಿನ ನೀರಲ್ಲವೇ? ಚೀಲದಿಂದ ಬಾಟಲಿ ತೆಗೆದೆ. ದಣಿದಿದ್ದರಿಂದ ಎರಡಕ್ಕೆ ಮೂರು ಮುಚ್ಚಳ.

ತೋಟಕ್ಕೆ ಮರಳಿ ಇನ್ನೂ ನಾಲ್ಕು ಬಳ್ಳಿ ಮುಗಿದಿರಲಿಲ್ಲ. ಕಿವಿ ಬಿಸಿಯಾಯಿತು. ಆಮೇಲೆ ಮುಖ, ಕುತ್ತಿಗೆ, ಎದೆ. ತಲೆಯೊಳಗೆ ಯಾರೋ ಹಲಿಗೆ ಬಾರಿಸಲು ಶುರುಮಾಡಿದರು. ಬದುಕಿನುದ್ದಕ್ಕೂ ನಾನು ಚಿಂತಿಸಿದ್ದ ರೋಗಗಳೆಲ್ಲ ಒಟ್ಟಿಗೆ ಬಂದಿವೆ ಎನಿಸಿತು. ಎದುರು ಸಾಲಿನಿಂದ ಬಾಬುಮಿಯಾ ಇಣುಕಿದ.

"ಯಾ ಅಲ್ಲಾ! ಸಾಬ್, ಮೂ ಪೂರಾ ಲಾಲ್ ಹೋಗಯಾ." ಹತ್ತಿರ ಬಂದು ದನಿ ತಗ್ಗಿಸಿದ. "ಮಾರಿ ಹಿಂಗ್ಯಾಕ ಕೆಂಪಾತು, ಖರೇ ಹೇಳ್ರಿ. ಹೊಡ್ದೀರೇನು?"

"ಛೀ, ಏನ್ ಮಾತಾಡ್ತಿ? ನಾನು ಅಂಥಾಂವ ಅಲ್ಲ," ಎಂದು ಹೇಳಿ ಕೆಳಗೆ ಕೂತೆ. ಆಮೇಲೆ ಮಲಗಿದೆ.

ಟೆಂಪೊದಲ್ಲಿ ಬಾಳೆಗೊನೆ ಇಡುವ ಜಾಗದಲ್ಲಿ, ಗೋಣಿಚೀಲದ ಮೇಲೆ ನನ್ನನ್ನು ಮಲಗಿಸಿ ಡಾಕ್ಟರ ಹತ್ತಿರ ಒಯ್ದರು. ತಲೆಯ ಬಳಿ ಅತ್ತೆ ಕೂತು ಸೆರಗಿನಿಂದ ಗಾಳಿ ಹಾಕುತ್ತ, "ಚೊಕ್ಕ ಮನಶ್ಯಾ, ಅವನಿಗೇ ಹಿಂಗ ಆಗಬೇಕೇನಪ್ಪಾ," ಎಂದು ದೇವರನ್ನು ಬಯ್ಯುತ್ತಿದ್ದರು. ಡಾಕ್ಟರು ನಾಡಿ ಹಿಡಿದು, ತೋಟದ ಔಷಧಿಯ ವಿಷಯ ಕೇಳಿ, ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಹಾಕಿದರು.

"ಎಷ್ಟ್ ಕುಡದೀರಿ?"

"ಕುಡಿಯೂದಿಲ್ರಿ."

"ಬ್ಯಾರೆ ಏನ್ ತಗೊಂಡೀರಿ?"

"ಏನಿಲ್ಲ. ಊಟಾದ ಮ್ಯಾಲೆ ಔಷಧ. ನಮ್ಮ ಅಜ್ಜಿ ಕಾಲದಿಂದ..."

ಶರಣು ಚೀಲದಿಂದ ಬಾಟಲಿ ತೆಗೆದುಕೊಟ್ಟ. ಡಾಕ್ಟರು ಕನ್ನಡಕ ಏರಿಸಿ ಚೀಟಿಯನ್ನು ಗಟ್ಟಿಯಾಗಿ ಓದಿದರು. ಸಣ್ಣ ಅಕ್ಷರದಲ್ಲಿ, ನಾನು ಇಷ್ಟು ವರ್ಷ ಓದದ ಒಂದು ಸಾಲಿತ್ತು: ತಾನಾಗಿಯೇ ಉತ್ಪತ್ತಿಯಾದ ಮದ್ಯಸಾರ ಇದರಲ್ಲಿದೆ.

"ದ್ರಾಕ್ಷಿ ಕುದಿಸಿ, ಬೆಲ್ಲಾ ಹಾಕಿ, ತಿಂಗಳಗಟ್ಟಲೆ ಬಾಯಿ ಕಟ್ಟಿ ಇಡ್ತಾರ," ಎಂದರು ಡಾಕ್ಟರು. "ಏನಾಗ್ತದ ಮತ್ತ? ಎಷ್ಟು ವರ್ಷದಿಂದ ಅದ ನಿಮಗ ಈ ಚಟಾ?"

ಬಾಬುಮಿಯಾ ಬಾಗಿಲಲ್ಲಿ ನಿಂತು ಸೀಲಿಂಗ್ ಫ್ಯಾನನ್ನು ನೋಡುತ್ತಿದ್ದ. ಶರಣು ಕೆಮ್ಮುತ್ತಿದ್ದ; ಅದು ಕೆಮ್ಮಲ್ಲ ಎಂದು ನನಗೆ ಗೊತ್ತು. ನಾನು ಅತ್ತೆಯ ಮುಖ ನೋಡಿದೆ. ಗಾಳಿ ಹಾಕುತ್ತಿದ್ದ ಸೆರಗು ನಿಂತಿತ್ತು. ಅವರು ಬಾಟಲಿಯನ್ನೇ ನೋಡುತ್ತಿದ್ದರು. ನನ್ನ ಮೇಲಿನ ಸಿಟ್ಟೆಂದು ನಾನು ತಿಳಿದೆ.

ಅಲ್ಲ. ಸಂಜೆ ಮನೆಗೆ ಬಂದು ಪಡಸಾಲೆಯಲ್ಲಿ ಮಲಗಿದ್ದಾಗ ಕಂಡೆ. ದೇವರ ಕೋಣೆಯ ಗೂಡಿನಿಂದ, ವಿಭೂತಿಯ ಪಕ್ಕದಿಂದ, ಅತ್ತೆ ಸದ್ದಿಲ್ಲದೆ ಒಂದು ಕಂದು ಬಾಟಲಿ ತೆಗೆದು ಜೋಳದ ಕಣಜದ ಹಿಂದೆ ಇಟ್ಟರು. ನನ್ನದಕ್ಕಿಂತ ದೊಡ್ಡ ಸೈಜು. ಅರ್ಧ ಖಾಲಿ.

ಅಂದಿನಿಂದ ಆ ಮನೆಯಲ್ಲಿ ಸೆರೆಯ ವಿರುದ್ಧ ಒಂದು ಮಾತೂ ಕೇಳಿಬರಲಿಲ್ಲ.

ಪೇಸ್ಟಿನ ಹೊತ್ತು ಮೀರಿದ್ದರಿಂದ ನಾನು ಅರ್ಧಕ್ಕೆ ಬಿಟ್ಟ ಮೂರು ಸಾಲು ಹಾಗೇ ಉಳಿದವು. ಬಾಬುಮಿಯಾನ ಸಾಲುಗಳು ಒಂದೇ ದಿನ ಚಿಗುರಿ ಹಸಿರಾದಾಗ, ನನ್ನವು ಅಲ್ಲೊಂದು ಇಲ್ಲೊಂದು ಕಣ್ಣು ತೆರೆದು, ಉಳಿದ ಕಣ್ಣು ಮುಚ್ಚಿಕೊಂಡು ನಿದ್ದೆ ಮಾಡಿದವು. ಊರವರು ಅವುಗಳಿಗೆ ಅಳಿಯನ ಸಾಲು ಎಂದು ಹೆಸರಿಟ್ಟರು. ಹೋಗುವವರು ಬರುವವರು ನಿಂತು ನೋಡುತ್ತಿದ್ದರಂತೆ.

ಗೊಂಚಲು ಕಡಿಯುವ ದಿನಗಳಲ್ಲಿ ಮತ್ತೊಮ್ಮೆ ಹೋದೆ. ಆಳುಗಳು ಮುಂದಿನ ಸಾಲುಗಳಲ್ಲಿ ಕತ್ತರಿ ಆಡಿಸುತ್ತಿದ್ದರು. ನೆಲದ ತುಂಬ ಹಸಿ ಗೊಂಚಲು. ಬಾವಿಯ ಕಡೆಯ ಸಾಲಿನಲ್ಲಿ ಅತ್ತೆ ಒಬ್ಬರೇ ಇದ್ದರು. ಸೊಂಟದಲ್ಲಿ ದಾರದ ಉಂಡೆ. ಗೊಂಚಲನ್ನು ಎಲೆಯ ಹಿಂದಕ್ಕೆ ಸರಿಸಿ, ಮೇಲೆ ಇನ್ನೊಂದು ಎಲೆ ಎಳೆದು, ಕಾಣದಂತೆ ಕಟ್ಟುತ್ತಿದ್ದರು. ಮಲಗಿದ ಕೂಸಿಗೆ ಹೊದಿಕೆ ಎಳೆದ ಹಾಗೆ. ಆ ದಾರದ ಉಂಡೆ ನೋಡಿ ನನಗೆ ಅಜ್ಜಿ ನೆನಪಾದಳು. ಅಜ್ಜಿ ಇದ್ದಿದ್ದರೆ ಪಕ್ಕದ ಸಾಲಿನಲ್ಲಿ ಅವಳೂ ಇರುತ್ತಿದ್ದಳು. ನಾನಾದರೂ ಅಷ್ಟೇ.

"ಅತ್ತಿ, ಮೇಡಂ ನೋಡಿದ್ರ? ಶರಣೂಂದು ಗತಿ ಏನು? ಸಕ್ಕರಿ ಕಡಿಮಿ ಬಂದ್ರ ವಾಪಸ್ ಕಳಿಸ್ತಾರ."

"ಹೊಟ್ಟ್ಯಾಗಿಂದು ಕಡಿ ಅಂದ್ರ ನನ್ನ ಕೈ ಏಳೂದಿಲ್ರಿ ಅಳ್ಯಾರ." ಎಲೆಯ ಗಂಟು ಬಿಗಿದರು. "ಮತ್ತ ನೀವು ಬಾಯಿ ಬಿಡಬ್ಯಾಡ್ರಿ. ನಿಮ್ಮ ಬಾಟ್ಲಿ ಸುದ್ದಿ ನಾ ಬೀಗರ ಮುಂದ ತಗದೀನೇನು?"

ನಿಮ್ಮದೂ ಒಂದು ಕಣಜದ ಹಿಂದಿದೆಯಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಕಲಬುರಗಿಗೆ ಬಂದು, ಹೇಳಲೂ ಆಗದೆ ನುಂಗಲೂ ಆಗದೆ, ಎದೆಯುರಿಯ ಗುಳಿಗೆ ಮಾತ್ರ ನುಂಗುತ್ತ ಬೇಸಿಗೆಯವರೆಗೆ ಕಳೆದೆ.

ಕೊಯ್ಲಿನ ದಿನ ಎಲ್ಲರೂ ಸೇರಿದ್ದರು. ಸೂಪರ್ ಮಾರ್ಕೆಟ್ಟಿನ ಮಾವನವರೂ ಬಿಳಿ ಅಂಗಿ ತೊಟ್ಟು ಕಾರಿನಲ್ಲಿ ಬಂದಿದ್ದರು. ಬೆಳೆ ನೋಡಲೆಂದು ಅವರು ಹೇಳಿದರು. ಆದರೆ ಕಾರಿನ ಹಿಂದಿನ ಸೀಟು ಖಾಲಿಯಿಟ್ಟು, ಅಳಿಯನಿಗೆಂದು ಹೊಸ ತಲೆದಿಂಬು ತಂದಿದ್ದರು, ಗಾದಿಯ ಮೇಲೆ ಒರಗಲು. ಮೇಡಂ ಸಾಲಿನಿಂದ ಸಾಲಿಗೆ ಹೋಗಿ, ಹಣ್ಣು ಹಿಂಡಿ, ರಸವನ್ನು ದುರ್ಬೀನಿನಂಥ ಸಣ್ಣ ಕೊಳವೆಗೆ ಬಿಟ್ಟು ಬೆಳಕಿಗೆ ಹಿಡಿದು ಸಕ್ಕರೆ ನೋಡುತ್ತಿದ್ದರು. ಶರಣು ಅವರ ಹಿಂದೆ ಹಿಂದೆ.

ಮುಂದಿನ ಸಾಲುಗಳು ಪಾಸಾದವು. ಅಳಿಯನ ಸಾಲಿಗೆ ಬಂದಾಗ ಮೇಡಂ ಕೊಳವೆಯನ್ನು ಒರೆಸಿ ಮತ್ತೊಮ್ಮೆ ನೋಡಿದರು. ತಡವಾಗಿ ಚಿಗುರಿದರೂ ಹೊರೆ ಕಡಿಮೆಯಾದ್ದರಿಂದ ಅವು ಉಳಿದವನ್ನು ಹಿಂದೆ ಹಾಕಿದ್ದವು. ಇಡೀ ತೋಟದಲ್ಲಿ ಎಲ್ಲಕ್ಕಿಂತ ಸಿಹಿ. ನಾನು ಗಂಟಲು ಸರಿಪಡಿಸಿಕೊಂಡೆ.

"ಇದಕ್ಕ ಖುಷಿ ಆಗಬ್ಯಾಡ್ರಿ ಸರ್," ಎಂದರು ಮೇಡಂ, ತಿರುಗಿ ನೋಡದೆ. "ಸಿಹಿ ಅದ, ಆದರ ಮೂರು ಸಾಲಿಗೆ ನಾಕ ಬುಟ್ಟಿ. ಇದಕ್ಕ ಬೇಸಾಯ ಅನ್ನೂದಿಲ್ಲ, ಅಪಘಾತ ಅಂತಾರ."

ಬಾವಿಯ ಕಡೆಯ ಸಾಲು ಬಂತು. ದಪ್ಪ ದಪ್ಪ ಗೊಂಚಲು, ಬಳ್ಳಿ ಬಾಗಿ ತಂತಿ ಜೋಲುತ್ತಿತ್ತು. ನೋಡಲು ಅದಕ್ಕಿಂತ ಚಂದದ ಸಾಲು ಇರಲಿಲ್ಲ. ಮೇಡಂ ಒಂದು ಬಳ್ಳಿ ನೋಡಿದರು, ಎರಡು ನೋಡಿದರು, ಕೊಳವೆಯನ್ನು ಕಿಸೆಗೆ ಹಾಕಿಕೊಂಡರು.

"ನೀರು. ಇದು ಬರೂದಿಲ್ಲ."

ಕಂಪನಿಯ ಲಾರಿ ಆ ಸಾಲಿನ ಹಣ್ಣನ್ನು ಬಿಟ್ಟು ಹೊರಟಿತು. ಕೊಯ್ದಿದ್ದ ಬುಟ್ಟಿಗಳು ಬಾವಿಯ ಕಟ್ಟೆಯ ಮೇಲೆ ಉಳಿದವು. ಕರಾರು ಎಲ್ಲರಿಗೂ ಗೊತ್ತಿತ್ತು: ಒಂದು ಬುಟ್ಟಿಯಾದರೂ ತಿರುಗಿ ಬಂದರೆ ಮುಗಿಯಿತು. ಮಾವನವರು ಎದ್ದು ಧೂಳು ಕೊಡವಿಕೊಂಡರು. "ನಡೀರಿ ಅಳಿಯಂದ್ರ, ಲಗ್ನದ ಸೀಜನ್ ಬಂತು. ಅಂಗಡ್ಯಾಗ ಕಾಲಿಡಾಕ ಜಾಗ ಇಲ್ಲ." ಶರಣು ಬಳ್ಳಿಯ ಬುಡದಲ್ಲಿ ಕೂತು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿಯುತ್ತ, ಬಿಡುತ್ತ ಇದ್ದ. ಮಾತಾಡಬೇಕಾದವನು ನಾನು. ಬಾಯಿ ತೆರೆದೆ. ಬೀಗರು, ಬಾಟಲಿ, ಸುವರ್ಣ, ಓಣಿ ಎಲ್ಲ ಒಮ್ಮೆಗೇ ಕಣ್ಮುಂದೆ ಬಂದು ಬಾಯಿ ಮುಚ್ಚಿದೆ.

ಅತ್ತೆ ಬುಟ್ಟಿಯಿಂದ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ ಅಳಿಯನ ಸಾಲಿನಲ್ಲಿ ಉದುರಿ ಬಿದ್ದಿದ್ದ ಒಂದನ್ನು ಹೆಕ್ಕಿ ಒರೆಸಿ, ಅದನ್ನೂ ಅಗಿದರು.

"ಶರಣೂ, ಏಳು."

ಅವನು ಏಳಲಿಲ್ಲ.

"ಏಳೋ. ಕರಾರು ನಿನ್ನ ಬೆಳಿಗೆ ಮಾಡಿದ್ದು. ಇದು ನಿಂದಲ್ಲ, ನಂದು. ಕಡೀಬ್ಯಾಡಂತ ನಾನೇ ಎಲ್ಯಾಗ ಮುಚ್ಚಿಟ್ಟೆ. ದಾರ ಇನ್ನೂ ಅದಾವ, ನೋಡು." ಆಮೇಲೆ ಬೀಗರ ಕಡೆ ತಿರುಗಿದರು. "ಅಣ್ಣಾರ, ತಲಿದಿಂಬು ಒಯ್ರಿ. ಅವನ ಬೆಳಿ ಒಂದ್ ಬುಟ್ಟಿನೂ ತಿರುಗಿ ಬಂದಿಲ್ಲ. ತಿರುಗಿ ಬಂದದ್ದು ನಂದು. ಬೇಕಾದ್ರ ನಾ ಬಂದು ಗಾದಿ ಮ್ಯಾಲ ಕೂಡ್ತೀನಿ."

ಅತ್ತೆ ಗಾದಿಯ ಮೇಲೆ ಕೂತರೆ ಅಂಗಡಿಯ ಗತಿ ಏನಾದೀತು ಎಂದು ಮಾವನವರು ಕ್ಷಣ ಯೋಚಿಸಿರಬೇಕು. ಚಹಾ ಕುಡಿದು, ತಲೆದಿಂಬು ಎತ್ತಿಕೊಂಡು ಹೊರಟುಹೋದರು.

ಇದೆಲ್ಲ ಹೋದ ಕೊಯ್ಲಿನ ಮಾತು. ಈಗ ಮತ್ತೆ ದಸರಾ ಹತ್ತಿರ ಬಂದಿದೆ. ನನ್ನ ಟೀಪಾಯಿಯ ಮೇಲೆ ಕತ್ತರಿ ಕೂತಿದೆ, ಮೂತಿ ನನ್ನ ಕಡೆಗೆ. ಮೂರು ದಿನ ನೋಡಿದೆ. ಇಂದು ತಡೆಯಲಾರದೆ ಕಮಲಾಪುರಕ್ಕೆ ಫೋನ್ ಮಾಡಿದೆ.

"ಅತ್ತಿ, ಕತ್ತರಿ ಕಳಿಸೀರಲ್ಲ, ಏನಿದರ ಅರ್ಥ?"

"ಅರ್ಥ ಎಂಥಾದ್ರಿ? ಮುಂದಿನ ವಾರ ಚಾಟಣಿ. ಅಳಿಯನ ಸಾಲು ಈ ಸಲ ನೀವು ಕಡೀರಿ, ಬಾವಿ ಸಾಲು ನಾ ಕಡೀತೀನಿ. ಪೇಸ್ಟೂ ನಾವಿಬ್ಬರೇ. ಆಳು ಎಲ್ಲಿ ಸಿಗ್ತಾವ?" ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಯಾರೂ ಹತ್ತಿರ ಇಲ್ಲವೆಂದು ನೋಡಿಕೊಂಡಿರಬೇಕು. ಮತ್ತೆ ಮಾತಾಡಿದಾಗ ದನಿ ಬಹಳ ತಗ್ಗಿತ್ತು.

"ಅಳ್ಯಾರ, ನಾ ಸ್ವಾಮಾರದಿಂದ ಆ ಬಾಟ್ಲಿ ಬಿಟ್ಟೀನಿ. ಎರಡ್ ದಿವಸ ಕೈ ನಡಗಿದಂಗ ಆತು, ಈಗ ಆರಾಮ್ ಅದೀನಿ. ನೀವು ಬಿಟ್ರೋ, ಇಲ್ಲೋ?"